ಚೀಲದಾಗ ಚೀಲ

ನಮ್ಮ ಕಡೆ ಊರಿಗೆ ಹೊರಟವರ ಚೀಲವನ್ನು ಅವರೊಬ್ಬರೇ ತುಂಬುವ ಪದ್ಧತಿ ಇಲ್ಲ. ಅರಿವೆ ಮಡಿಚಿಟ್ಟು ಜಳಕ ಮಾಡಿ ಬರುವಷ್ಟರಲ್ಲಿ ಅದರೊಳಗೆ ಶೇಂಗಾ ಹಿಂಡಿಯ ಡಬ್ಬಿ ಬಂದು ಕೂತಿರುತ್ತದೆ. ಚಹಾ ಕುಡಿದು ಕಪ್ಪು ಕೆಳಗಿಡುವಷ್ಟರಲ್ಲಿ ಮಗ್ಗಲ ಮನೆಯ ಕಾಕು ಹಾಳೆ ಸುತ್ತಿದ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. "ಹುಬ್ಬಳ್ಳಿ ಮ್ಯಾಲಿಂದನ ಹೊಂಟೀಯಿಲ್ಲೋ? ನಮ್ಮ ಹುಡುಗಿಗೆ ಇದೊಂದ ಮುಟ್ಟಿಸಿಬಿಡಪಾ." ಹುಡುಗಿಯ ಮನೆ ಹುಬ್ಬಳ್ಳಿಯ ಯಾವ ಓಣಿಯಲ್ಲಿದೆ, ಪೊಟ್ಟಣದಲ್ಲಿ ಏನಿದೆ ಎಂದೆಲ್ಲ ಆಗಲೇ ಕೇಳುವುದು ಮರ್ಯಾದೆಯಲ್ಲ, ಅದು ಬಸ್ಸು ಹತ್ತಿದ ಮೇಲೆ ಫೋನಿನಲ್ಲಿ ತಿಳಿಯುವ ಸಂಗತಿ. ಒಟ್ಟಿನಲ್ಲಿ ಹೊರಡುವ ಹೊತ್ತಿಗೆ ಆ ಚೀಲದಲ್ಲಿ ಹೊರಟವನದೆಂದು ಇರುವುದು ಎರಡು ಅಂಗಿ, ಒಂದು ಟವೆಲ್ಲು. ಉಳಿದದ್ದೆಲ್ಲ ಮಂದಿಯದು.

ಇಂಥ ಮನೆಗೆ ನನ್ನ ಸೊಸೆ ಪ್ಯಾಕಿಂಗ್ ಕ್ಯೂಬುಗಳನ್ನು ತರಿಸಿದಳು. ಪುಣೆಯಲ್ಲಿ ಕೆಲಸ ಮಾಡುವಾಕೆ, ಕೆಲಸದ ಮೇಲೆ ಊರೂರು ತಿರುಗುವಾಕೆ. ನವಲಗುಂದ ತಾಲೂಕಿನ ನಮ್ಮ ಹಳ್ಳಿಗೂ ಈಗ ಮೊಬೈಲಿನಲ್ಲಿ ಆರ್ಡರು ಮಾಡಿದ್ದು ಬಂದು ಮುಟ್ಟುತ್ತದೆ, ಬಂದು ಮುಟ್ಟಿತು. ನೋಡದವರಿಗಾಗಿ ಹೇಳುತ್ತೇನೆ: ತೆಳು ನೈಲಾನಿನ ಚೌಕಾಕಾರದ ಚೀಲಗಳು, ಮೇಲೆ ಜಾಳಿಗೆ, ಮೂರು ಬದಿಗೆ ಸುತ್ತಿ ಬರುವ ಚೈನು. ದೊಡ್ಡದು, ನಡುವಿನದು, ಸಣ್ಣದು ಎಂದು ಒಂದೇ ಬಣ್ಣದ ಸೆಟ್ಟು. ಅಂಗಿಗಳೆಲ್ಲ ಒಂದರಲ್ಲಿ, ಒಳ ಉಡುಪು ಇನ್ನೊಂದರಲ್ಲಿ, ಫೋನಿನ ವೈರುಗಳು ಮತ್ತೊಂದರಲ್ಲಿ. ಅವನ್ನು ಇಟ್ಟಂಗಿ ಜೋಡಿಸಿದ ಹಾಗೆ ಸೂಟ್‌ಕೇಸಿನಲ್ಲಿ ಜೋಡಿಸಿಟ್ಟರೆ ಅರ್ಧರಾತ್ರಿ ಲಾಡ್ಜಿನಲ್ಲಿ ಒಂದು ಬನಿಯನ್ ಸಲುವಾಗಿ ಇಡೀ ಪೆಟ್ಟಿಗೆ ಕೆದರುವ ಪ್ರಸಂಗ ಬರುವುದಿಲ್ಲ. ಇದು ಅವುಗಳ ಗುಣ, ಮತ್ತು ಇದು ಸಣ್ಣ ಗುಣವಲ್ಲ.

ನಮ್ಮವ್ವ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. "ಜಾಳಗಿ ಚಲೋ ಐತಿ. ಉಳ್ಳಾಗಡ್ಡಿ ಹಾಕಿ ತೂಗಬಿಟ್ರ ಕೊಳಿಯೂದಿಲ್ಲ."

"ಆಯಿ, ಇದು ಅರಿವಿ ಇಡಾಕ ತರಿಸೇನಿ."

"ಅರಿವಿ ಇಡಾಕ ದೊಡ್ಡ ಚೀಲ ಐತೆಲ್ಲವಾ? ಚೀಲದಾಗ ಮತ್ತ ಚೀಲ ಯಾಕ?"

ಅವ್ವ ಕೇಳಿದ್ದು ನಿಜವಾದ ಪ್ರಶ್ನೆಯಲ್ಲ, ಉತ್ತರ ಆಕೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಚೀಲದಾಗ ಚೀಲ ಇಡುವ ವಿದ್ಯೆಯನ್ನು ಅರೆದು ಕುಡಿದ ಮನೆತನ ನಮ್ಮದು. ನಮ್ಮಜ್ಜನ ಎಲಿ ಚಂಚಿ ಮಡಿಕೆಯ ಮೇಲೆ ಮಡಿಕೆ ಬಿಚ್ಚಿಕೊಳ್ಳುತ್ತಿದ್ದ ಬಟ್ಟೆಯ ಚೀಲ. ಹಿಂದಿನ ದೊಡ್ಡ ಕಿಸೆಯಲ್ಲಿ ಎಲಿ, ಅದಕ್ಕೊಂದು ಹಸಿ ಅರಿವೆಯ ಸುತ್ತು, ಬಾಡಬಾರದೆಂದು. ಅದರ ಮುಂದಿನ ಕಿಸೆಯಲ್ಲಿ ಅಡಕಿ. ತಂಬಾಕಿಗೆ ಬೇರೆಯೇ ಕೋಣೆ, ಅದರ ನಾತ ಎಲಿಗೆ ಹತ್ತಬಾರದೆಂದು. ಸುಣ್ಣದ ಡಬ್ಬಿಗೆ ದಾರ. ಡಬ್ಬಿ ಕೈತಪ್ಪಿದರೂ ಚಂಚಿ ಬಿಟ್ಟು ಹೋಗುವಂತಿಲ್ಲ. ಎಲ್ಲಕ್ಕೂ ಒಳಗೆ, ಆಚೆ ಈಚೆ ನೋಡಿಯೇ ಬಿಚ್ಚಬೇಕಾದ ಒಂದು ಸಣ್ಣ ಕಿಸೆ. ಅದರಲ್ಲಿ ರೊಕ್ಕ, ಸೊಸೈಟಿಯ ಪಾವತಿ, ಎಂದೋ ಯಾರೋ ಕೊಟ್ಟ ಭಂಡಾರದ ಪುಡಿ. ಕತ್ತಲಲ್ಲಿ ಹೊಲದ ಬದುವಿನ ಮೇಲೆ ಕೂತು, ಮಾತು ನಿಲ್ಲಿಸದೆ, ಕಣ್ಣು ಹಾಯಿಸದೆ ಅಜ್ಜ ಬೇಕಾದದ್ದನ್ನು ಬೆರಳಲ್ಲೇ ಹುಡುಕಿ ತೆಗೆಯುತ್ತಿದ್ದ. ಸೊಸೆ ತಂದ ಸೆಟ್ಟಿನ ಡಬ್ಬಿಯ ಮೇಲೆ ಅಚ್ಚಾದ ಹೊಗಳಿಕೆಯೆಲ್ಲ ಈ ಚಂಚಿಗೆ ಒಪ್ಪುತ್ತದೆ, ಒಂದನ್ನು ಬಿಟ್ಟು: ನೀರಿಗೆ ಜಗ್ಗುವುದಿಲ್ಲ ಎಂದು ಅದರಲ್ಲಿ ಬರೆದಿತ್ತು.

ಇಂಥ ಚೀಲ ಹಿಡಿಯುವುದು ಒಂದು ಕಾಲಕ್ಕೆ ಹುದ್ದೆಯೇ ಆಗಿತ್ತು ಎನ್ನುವುದನ್ನು ನಾವು ಮರೆತಿದ್ದೇವೆ. ಕಲ್ಯಾಣದಲ್ಲಿ ಬಸವಣ್ಣನವರ ಎಲೆ ಅಡಕೆಯ ಹಡಪ ಹಿಡಿದವರು ಹಡಪದ ಅಪ್ಪಣ್ಣನವರು, ವಚನಕಾರರು. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿದ ಹೆಣ್ಣುಮಗಳು 'ಹದಿಬದೆಯ ಧರ್ಮ' ಬರೆದ ಸಂಚಿ ಹೊನ್ನಮ್ಮ. ಐನೂರು ವರ್ಷದ ಅಂತರದಲ್ಲಿ ಕನ್ನಡಕ್ಕೆ ಇಬ್ಬರು ಕವಿಗಳು ಚೀಲ ಹಿಡಿದುಕೊಂಡೇ ಬಂದರು. ಸೂಟ್‌ಕೇಸು ಹಿಡಿದು ಬಂದ ಕವಿಗಳು ಈಚೆಗೆ ಬಹಳ ಜನ ಆಗಿದ್ದಾರೆ. ಅವರ ಹೆಸರಿನ ಮುಂದೆ ಮಾತ್ರ ಯಾರೂ ಸೂಟ್‌ಕೇಸು ಸೇರಿಸಿಲ್ಲ.

ಚಂಚಿಯ ಅಣ್ಣ ಹಸಬಿ ಚೀಲ. ಉದ್ದನೆಯ ಚೀಲ, ಬಾಯಿ ನಡುವೆ, ಎರಡು ತುದಿಗೆ ಎರಡು ಹೊಟ್ಟೆ. ಹೆಗಲ ಮೇಲೆ ಹಾಕಿದರೆ ಒಂದು ಹೊಟ್ಟೆ ಮುಂದೆ, ಒಂದು ಹಿಂದೆ. ಎತ್ತಿನ ಬೆನ್ನ ಮೇಲೆ ಹೇರಿದರೆ ಆಕಡೆಗೊಂದು ಈಕಡೆಗೊಂದು. ಅದರ ಗಣಿತ ಬಹಳ ಸರಳ ಮತ್ತು ಬಹಳ ಕಟುವಾದದ್ದು. ಎರಡೂ ಬದಿ ಸಮ ತೂಗಬೇಕು, ಇಲ್ಲವಾದರೆ ಹೆಜ್ಜೆಹೆಜ್ಜೆಗೂ ಜಾರುತ್ತದೆ. ಸಂತೆಗೆ ಹೋಗುವಾಗ ಒಂದು ಕಡೆ ಕಾಳು ತುಂಬಿದರೆ ಇನ್ನೊಂದು ಕಡೆಯೂ ಅಷ್ಟೇ ತುಂಬಬೇಕು. ಬರುವಾಗ ಒಂದು ಕಡೆ ಬೆಲ್ಲ, ಇನ್ನೊಂದು ಕಡೆ ಉಪ್ಪು. ಅದು ಹೊರುವವನ ಮೈಗೆ ತಕ್ಕ ಹಾಗೆ ಮಾಡಿದ ಚೀಲ. ಈಗಿನ ಸೂಟ್‌ಕೇಸು ಹಾಗಲ್ಲ, ವಿಮಾನದ ಹೊಟ್ಟೆಗೆ ತಕ್ಕ ಹಾಗೆ ಮಾಡಿದ್ದು.

ಆದರೆ ನಮ್ಮ ಸೀಮೆಯಲ್ಲಿ ತುಂಬುವ ವಿದ್ಯೆಯ ನಿಜವಾದ ಪರೀಕ್ಷೆ ರೊಟ್ಟಿಯದು. ಕಟಕ ರೊಟ್ಟಿಯನ್ನು ಒಂದೂರಿಂದ ಇನ್ನೊಂದೂರಿಗೆ ಪೂರಾ ಮುಟ್ಟಿಸಿದವರಿಗೆ ಗಾಜಿನ ಸಾಮಾನು ಸಾಗಿಸುವ ಕೆಲಸ ಕೊಡಬಹುದು. ಜೋಳದ್ದಿರಲಿ, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿಯದಿರಲಿ, ಹಂಚಿನ ಮೇಲೆ ಬೇಯಿಸಿ, ಒಲೆಯ ಮಗ್ಗಲಿಗೆ ನಿಲ್ಲಿಸಿ, ಒಳಗಿನ ಪಸೆಯೆಲ್ಲ ಆರುವವರೆಗೆ ಕಾಯಬೇಕು. ಪಸೆ ಹೋದಷ್ಟೂ ಬಾಳಿಕೆ ಹೆಚ್ಚು, ಬಾಳಿಕೆ ಹೆಚ್ಚಾದಷ್ಟೂ ಮುರಿಯುವ ಭಯ ಹೆಚ್ಚು. ಒಣಗುತ್ತ ಒಣಗುತ್ತ ರೊಟ್ಟಿ ಸ್ವಲ್ಪ ಡೊಂಕಾಗುತ್ತದೆ. ಒಂದೇ ಹಂಚಿನಲ್ಲಿ, ಒಂದೇ ಕೈಯಿಂದ ಆದ ರೊಟ್ಟಿಗಳ ಡೊಂಕು ಹೆಚ್ಚುಕಡಿಮೆ ಒಂದೇ ಇರುವುದರಿಂದ ಒಂದರೊಳಗೊಂದು ಕೂಡ್ರುತ್ತವೆ. ಅವ್ವ ಅವನ್ನು ಹಾಗೆ ಕೂಡಿಸಿ, ಮುರುಕು ರೊಟ್ಟಿಗಳನ್ನು ಅಡಿಗೂ ತುದಿಗೂ ಇಟ್ಟು ಚೌಕದ ಅರಿವೆಯಲ್ಲಿ ಎದುರುಬದುರು ಚುಂಗು ಹಿಡಿದು ಬಿಗಿಯುತ್ತಾಳೆ. ಮುರುಕು ಹೊರಗಿನ ಪೆಟ್ಟು ತಿನ್ನುತ್ತದೆ, ನಡುವಿನದು ಉಳಿಯುತ್ತದೆ.

ಇಲ್ಲಿಯೇ ಗಂಟಿಗೂ ಚೈನಿಗೂ ಇರುವ ವ್ಯತ್ಯಾಸ ತಿಳಿಯುವುದು. ದಾರಿಯಲ್ಲಿ ನಾಲ್ಕು ರೊಟ್ಟಿ ತಿಂದು ಮತ್ತೆ ಗಂಟು ಕಟ್ಟಿದರೆ ಅರಿವೆ ನಾಲ್ಕು ರೊಟ್ಟಿಯಷ್ಟು ಒಳಕ್ಕೆ ಸರಿದು ಉಳಿದದ್ದನ್ನು ಮತ್ತೆ ಬಿಗಿಯಾಗಿ ಅಪ್ಪುತ್ತದೆ. ಚೈನಿನ ಚೀಲಕ್ಕೆ ಆ ಬುದ್ಧಿ ಇಲ್ಲ. ಅದರ ಅಳತೆ ಕಾರ್ಖಾನೆಯಲ್ಲಿಯೇ ಮುಗಿದುಹೋಗಿದೆ. ಖಾಲಿ ಜಾಗದಲ್ಲಿ ಉಳಿದ ರೊಟ್ಟಿಗಳು ಬಸ್ಸಿನ ಕುಲುಕಾಟಕ್ಕೆ ಕುಣಿದು ಊರು ಮುಟ್ಟುವ ಹೊತ್ತಿಗೆ ರವೆ ಆಗಿರುತ್ತವೆ. ಇನ್ನೊಂದು ಚೈನು ಹಚ್ಚಿ ಹಿಚುಕುವಂಥ ಕ್ಯೂಬುಗಳೂ ಇವೆ. ಅರಿವೆಗೆ ಅವು ಸರಿ, ರೊಟ್ಟಿಗೆ ನೇರವಾಗಿ ಮರಣದಂಡನೆ. ಮೇಲಾಗಿ ಚೈನೆಂಬುದು ಹಲ್ಲುಗಳ ಸಾಲು. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಗಿಡಿಯನ್ ಸುಂಡ್‌ಬ್ಯಾಕ್ ಎಂಬ ಎಂಜಿನಿಯರ್ 1913ರಲ್ಲಿ ಅದಕ್ಕೆ ಈಗಿನ ರೂಪ ಕೊಟ್ಟ, 1917ರಲ್ಲಿ ಪೇಟೆಂಟು ಪಡೆದ. ನೂರು ವರ್ಷ ದಾಟಿದರೂ ಒಂದು ಹಲ್ಲು ಬಿದ್ದರೆ ಇಡೀ ಚೀಲ ಬಾಯಿ ತೆರೆದುಕೊಂಡು ಕೂಡುವ ದೋಷ ಮಾತ್ರ ಹೋಗಿಲ್ಲ. ಅರಿವೆ ಹರಿದರೆ ಹರಿದ ಕಡೆ ಬಿಟ್ಟು ಇನ್ನೊಂದು ಗಂಟು ಹಾಕಿದರಾಯಿತು. ಜಪಾನಿನವರಿಗೆ ಇದು ಚೆನ್ನಾಗಿ ಗೊತ್ತು. ಅವರು ಚೌಕದ ಅರಿವೆಯಲ್ಲಿ ಊಟದ ಡಬ್ಬಿಯಿಂದ ಹಿಡಿದು ಬಾಟಲಿಯವರೆಗೆ ಕಟ್ಟುತ್ತಾರೆ. ಫುರೋಶಿಕಿ ಎಂದು ಹೆಸರಿಟ್ಟು ಈಗ ಅದನ್ನು ಜಗತ್ತಿಗೆಲ್ಲ ಕಲಿಸುತ್ತಿದ್ದಾರೆ. ನಾವು ಬುತ್ತಿ ಗಂಟು ಎಂದು ಸುಮ್ಮನಿದ್ದೇವೆ.

ಬುತ್ತಿಯ ಮಾತು ಬಂದ ಮೇಲೆ ಧಾರವಾಡದ ಬಸ್ ನಿಲ್ದಾಣವನ್ನು ಬಿಡುವಂತಿಲ್ಲ. ಕರ್ನಾಟಕ ಕಾಲೇಜು, ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಈಗ ಸಪ್ತಾಪುರದ ತುಂಬ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕ್ಲಾಸು. ಇವುಗಳ ಸಲುವಾಗಿ ಹಳ್ಳಿಯ ಹುಡುಗರು ರೂಮು ಹಿಡಿದು ಇರುತ್ತಾರೆ. ಅವರ ಹೊಟ್ಟೆ ಮಾತ್ರ ಊರಲ್ಲಿಯೇ ಇರುತ್ತದೆ. ಬೆಳಗಿನ ಬಸ್ಸಿಗೆ ತಾಯಂದಿರು ಡಬ್ಬಿ ಕಟ್ಟಿ ಕೊಡುತ್ತಾರೆ, ಬಸ್ಸು ಧಾರವಾಡ ಮುಟ್ಟುವ ಹೊತ್ತಿಗೆ ಹುಡುಗರು ಬಂದು ನಿಂತಿರುತ್ತಾರೆ, ನಿನ್ನೆಯ ಖಾಲಿ ಡಬ್ಬಿ ಕೊಟ್ಟು ಇವತ್ತಿನದನ್ನು ಇಳಿಸಿಕೊಳ್ಳುತ್ತಾರೆ. ಒಡೆಯನಿಲ್ಲದೆ ಪ್ರವಾಸ ಮಾಡುವ ಸಾಮಾನು ಅದು. ಹಾಗಾಗಿ ಅದನ್ನು ಕಟ್ಟುವ ಕ್ರಮ ಬಹಳ ಕಟ್ಟುನಿಟ್ಟು. ಮೆತ್ತನ್ನ ರೊಟ್ಟಿ ಬಿಸಿ ಆರಿದ ಮೇಲೆಯೇ ಅರಿವೆಯಲ್ಲಿ ಸುತ್ತಬೇಕು; ಬಿಸಿ ಇದ್ದಾಗಲೇ ಮುಚ್ಚಿದರೆ ಬೆವತು ಮಧ್ಯಾಹ್ನಕ್ಕೇ ಹಳಸುತ್ತದೆ. ಪಲ್ಯ ಗಟ್ಟಿಯಾಗಿರಬೇಕು. ಮೊಸರಿನ ಡಬ್ಬಿಯ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಬೇಕು. ಹಿಂಡಿ ಒಂದು ಪೊಟ್ಟಣದಲ್ಲಿ, ಉಳ್ಳಾಗಡ್ಡಿ ಹೆಚ್ಚದೆ ಇಡಿಯಾಗಿ. ಎಲ್ಲದರ ಮೇಲೆ ಚೌಕದ ಅರಿವೆ. ಅರಿವೆಯ ಬಣ್ಣವೇ ಗುರುತು. ಡಬ್ಬಿಯ ಮೇಲೆ ಎಣ್ಣೆ ಬಣ್ಣದಲ್ಲಿ ಹೆಸರು, ಊರು ಬರೆಸಿದವರೂ ಇದ್ದಾರೆ. ನಾನು ಓದುವಾಗ ನನ್ನ ಡಬ್ಬಿಯ ಗಂಟಿನ ಸಂದಿಯಲ್ಲಿ ಕೆಲವೊಮ್ಮೆ ಮಡಿಚಿದ ಐದು ರೂಪಾಯಿಯ ನೋಟು ಸಿಗುತ್ತಿತ್ತು. ಅದು ಅಪ್ಪನಿಗೆ ಗೊತ್ತಾಗದಂತೆ ಅವ್ವ ಇಟ್ಟದ್ದು. ನೋಟಿಗೆಂದು ಬೇರೆ ಕಿಸೆ ಆ ಗಂಟಿನಲ್ಲಿ ಇರಲಿಲ್ಲ; ಇದ್ದಿದ್ದರೆ ಅಪ್ಪ ಮೊದಲು ಅದನ್ನೇ ನೋಡುತ್ತಿದ್ದ.

ಇದು ಒಬ್ಬನ ಒಂದು ಹೊತ್ತಿನ ಗಂಟಾಯಿತು. ಇಡೀ ಸಂಸಾರವನ್ನೇ ಕಟ್ಟಿ ಹೊರಡುವುದನ್ನು ನೋಡಬೇಕಾದರೆ ಭಾರತ ಹುಣ್ಣಿಮೆಯ ಮುಂಚೆ ಉಳವಿಯ ದಾರಿಯಲ್ಲಿ ನಿಲ್ಲಬೇಕು. ಜೋಯಿಡಾ ತಾಲೂಕಿನ ಕಾಡಿನ ನಡುವೆ ಚನ್ನಬಸವಣ್ಣನವರ ಸಮಾಧಿ. ನಮ್ಮ ಜಿಲ್ಲೆಯಿಂದ, ಬೆಳಗಾವಿಯಿಂದ, ಗದಗ ಹಾವೇರಿಯಿಂದ ಈಗಲೂ ಚಕ್ಕಡಿ ಕಟ್ಟಿಕೊಂಡು ಹೋಗುವವರಿದ್ದಾರೆ. ಹಳಿಯಾಳ, ದಾಂಡೇಲಿ ದಾಟಿ ಕಾಡು ಹೊಕ್ಕು, ದಾರಿಯಲ್ಲಿ ಬಿಡಾರ ಹೂಡುತ್ತ ಹೂಡುತ್ತ. ಚಕ್ಕಡಿಯಲ್ಲಿ ಏನೆಲ್ಲ ಇರಬೇಕು? ಮನುಷ್ಯರಿಗೆ ಜೋಳದ ಹಿಟ್ಟು, ರೊಟ್ಟಿ, ಹಿಂಡಿ, ಮಾದಲಿ, ಬೆಲ್ಲ, ಬೇಳೆ. ಎತ್ತುಗಳಿಗೆ ಕಣಕಿ, ಹೊಟ್ಟು, ಹಿಂಡಿ. ಎಣ್ಣೆ ತೆಗೆದ ಈ ಹಿಂಡಿ ಬೇರೆ, ನಮ್ಮದು ಬೇರೆ, ಅದಲುಬದಲಾದರೆ ಎತ್ತಿಗಿಂತ ನಮಗೇ ತ್ರಾಸು. ಹಾಸಲು ಕೌದಿ, ಜಮಖಾನೆ. ಕುಡಿಯುವ ನೀರಿನ ಕೊಡ. ಇವುಗಳ ಮೇಲೆ ಹುಡುಗರು, ಮುದುಕರು.

ಚಕ್ಕಡಿ ತುಂಬುವವನು ಮನೆಯ ಹಿರಿಯನೇ ಆಗಿರಬೇಕು. ಅದರಲ್ಲಿ ಎರಡು ಮಾತಿಲ್ಲ. ಭಾರವೆಲ್ಲ ಮುಂದೆ ಬಿದ್ದರೆ ಎತ್ತಿನ ಹೆಗಲು ಕೊರೆಯುತ್ತದೆ. ಹಿಂದೆ ಬಿದ್ದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಏರಿನಲ್ಲಿ ಬಂಡಿ ಹಿಂದಕ್ಕೆ ವಾಲುತ್ತದೆ. ಆದ್ದರಿಂದ ಹಿಟ್ಟಿನ ಚೀಲ, ಕಾಳಿನ ಚೀಲ ಅಚ್ಚಿನ ನೇರಕ್ಕೆ. ಮೇವು ಅಡಿಗೆ, ಏಕೆಂದರೆ ಅದು ಹಾಸಿಗೆಯೂ ಹೌದು. ದಿನ ಕಳೆದಂತೆ ಎತ್ತುಗಳು ತಿಂದು ಅದು ತಗ್ಗುತ್ತ ಹೋಗುತ್ತದೆ, ಕೂತವರೂ ತಗ್ಗುತ್ತ ಹೋಗುತ್ತಾರೆ. ಮೊದಲ ಬಿಡಾರದಲ್ಲಿ ಬೇಕಾಗುವ ಪಾತ್ರೆ, ಬೆಂಕಿಪೆಟ್ಟಿಗೆ ಕೈಗೆ ಸಿಗುವಂತೆ ಹಿಂದೆ. ತಿರುಗಿ ಬರುವಾಗ ಬೇಕಾಗುವುದು ಎಲ್ಲಕ್ಕೂ ಅಡಿಗೆ. ಅಂದರೆ ಇಲ್ಲಿ ಸಾಮಾನಿನ ಜಾತಿ ಲೆಕ್ಕಕ್ಕೆ ಬರುವುದಿಲ್ಲ. ಯಾವುದು ಯಾವಾಗ ಬೇಕು, ಯಾರಿಗೆ ಬೇಕು, ಅದರ ಭಾರ ಯಾರ ಹೆಗಲಿಗೆ ಬೀಳುತ್ತದೆ ಎನ್ನುವುದು ಲೆಕ್ಕ. ಉಳವಿಗೆ ಇದೇ ದಿಕ್ಕಿನಲ್ಲಿ ಹನ್ನೆರಡನೆಯ ಶತಮಾನದಲ್ಲಿ ಶರಣರು ಕಲ್ಯಾಣ ಬಿಟ್ಟು ವಚನದ ಕಟ್ಟುಗಳನ್ನು ಹೊತ್ತು ನಡೆದರು ಎಂದು ನಮ್ಮವರ ನಂಬಿಕೆ. ತಾಳೆಗರಿಗೆ ತೂತು, ತೂತಿಗೆ ದಾರ, ಕೆಳಗೆ ಮೇಲೆ ಕಟ್ಟಿಗೆಯ ಪಟ್ಟಿ, ಸುತ್ತಲೂ ಅರಿವೆ. ಪುಟ ಹಾರುವುದಿಲ್ಲ, ಕ್ರಮ ತಪ್ಪುವುದಿಲ್ಲ, ಮೂಲೆ ಮುರಿಯುವುದಿಲ್ಲ. ಕನ್ನಡದ ದೊಡ್ಡ ಆಸ್ತಿಯಲ್ಲಿ ಬಹುಪಾಲು ಸಾವಿರ ವರ್ಷ ಹೀಗೆ ಕಟ್ಟಿಸಿಕೊಂಡೇ ಉಳಿದದ್ದು.

ಯಾವ ಚೀಲಕ್ಕೂ ಒಗ್ಗದ ಸಾಮಾನೂ ಉಂಟು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹೆಸರಿನಲ್ಲಿ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತದಲ್ಲ, ಅಲ್ಲಿಗೆ ತಂಬೂರಿ ಹೊತ್ತು ಬರುವವರನ್ನು ನೋಡಿ. ಮನುಷ್ಯನಷ್ಟು ಎತ್ತರ, ದುಂಡನೆಯ ಬುರುಡೆ, ತೊಡಿಸಿದ ಗವಸಣಿಗೆ. ಅದನ್ನು ಮಡಿಚುವಂತಿಲ್ಲ, ಅದರ ಮೇಲೆ ಏನನ್ನೂ ಇಡುವಂತಿಲ್ಲ. ಗಂಗೂಬಾಯಿ ಹಾನಗಲ್ಲರು ಗುರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡುತ್ತಿದ್ದರು. ಅವರು ತಿರುಗಿ ಹೋಗುವಾಗ ಒಯ್ಯುತ್ತಿದ್ದುದಕ್ಕೆ ರೈಲಿನವರು ತೂಕ ಹಾಕುವಂತಿರಲಿಲ್ಲ.

ಗಾಲಿಯ ಸೂಟ್‌ಕೇಸಿನ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಅಮೆರಿಕದ ಬರ್ನಾರ್ಡ್ ಸ್ಯಾಡೋ ಅದಕ್ಕೆ ಪೇಟೆಂಟು ಪಡೆದದ್ದು 1972ರಲ್ಲಿ. 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕ ಅದನ್ನು ನೆಟ್ಟಗೆ ನಿಲ್ಲಿಸಿ ಉದ್ದನೆಯ ಹಿಡಿಕೆ ಹಚ್ಚಿದ. ಇಬ್ಬರೂ ಮಳೆಗಾಲದಲ್ಲಿ ನವಲಗುಂದದ ಎರಿ ಮಣ್ಣು ತುಳಿದವರಲ್ಲ. ನಮ್ಮ ಬಸ್‌ಸ್ಟಾಪಿನಿಂದ ಮನೆಯವರೆಗೆ ಶ್ರಾವಣದಲ್ಲಿ ಗಾಲಿಯ ಪೆಟ್ಟಿಗೆ ಎಳೆದು ನೋಡಬೇಕು: ಹತ್ತು ಹೆಜ್ಜೆಗೆ ಗಾಲಿ ತಿರುಗುವುದು ನಿಲ್ಲುತ್ತದೆ, ಇಪ್ಪತ್ತು ಹೆಜ್ಜೆಗೆ ಗಾಲಿಯೇ ಕಾಣುವುದಿಲ್ಲ, ಆಮೇಲೆ ಪೆಟ್ಟಿಗೆ ತಲೆಯ ಮೇಲೇರುತ್ತದೆ. ಹಳ್ಳಿಯ ಹುಡುಗರು ದುಡಿಯಲು ಗೋವಾಕ್ಕೆ, ಮಂಗಳೂರಿಗೆ ಹೋಗುವಾಗ ಗೊಬ್ಬರದ ಖಾಲಿ ಚೀಲದಲ್ಲಿ ಹಾಸಿಗೆ ಪಾತ್ರೆ ತುಂಬಿ ಬಾಯಿಗೆ ಸುತಳಿ ಬಿಗಿಯುತ್ತಾರೆ. ತಲೆಯ ಮೇಲಿಡಲು ಅದೇ ಹಿತ, ಬಸ್ಸಿನ ಟಾಪಿಗೆ ಎಸೆಯಲೂ ಅದೇ ಹಿತ, ಹರಿದರೆ ದುಃಖವಿಲ್ಲ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್ 11ರಿಂದ ಈಚೆಗೆ, ಬಸ್ಸಿನಲ್ಲಿ ಹೆಣ್ಣುಮಕ್ಕಳ ಚೀಲಗಳೇ ಹೆಚ್ಚು. ಟಿಕೀಟಿನ ರೊಕ್ಕ ಉಳಿಯಿತೆಂದು ಯಲ್ಲಮ್ಮನ ಗುಡ್ಡಕ್ಕೆ, ತವರಿಗೆ, ಮಗಳ ಊರಿಗೆ ಓಡಾಟ ಹೆಚ್ಚಿತು. ಓಡಾಟದ ಜೊತೆಗೆ ಬುತ್ತಿಯೂ ಹೆಚ್ಚಿತು. ಮೊದಲು ಸೆರಗಿನ ಚುಂಗಿನಲ್ಲಿ ಗಂಟು ಹಾಕುತ್ತಿದ್ದುದು ರೊಕ್ಕ, ಈಗ ಆ ಜಾಗ ಆಧಾರ್ ಕಾರ್ಡಿನದು. ಕಂಡಕ್ಟರು ಬಂದಾಗ ಎಲ್ಲರಿಗಿಂತ ಬೇಗ ಕಾರ್ಡು ತೆಗೆದು ತೋರಿಸುವವರು ಚುಂಗಿನವರೇ. ದೊಡ್ಡ ಪರ್ಸಿನ ಆರು ಕಿಸೆಯವರು ಮುಂದಿನ ಸ್ಟಾಪು ಬರುವವರೆಗೆ ಹುಡುಕುತ್ತಿರುತ್ತಾರೆ.

ಇನ್ನು ಆತುರದಲ್ಲಿ ಕಟ್ಟುವುದು. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ಹರಿದಾಗ ನವಲಗುಂದ ತಾಲೂಕಿನ ಎಷ್ಟೋ ಮನೆಯವರು ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ಆಗ ಅರಿವೆ, ರೊಟ್ಟಿ ಯಾವುದೂ ಮೊದಲು ನೆನಪಾಗಲಿಲ್ಲ. ಹೊಲದ ಉತಾರ, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಹುಡುಗರ ಮಾರ್ಕ್ಸ್ ಕಾರ್ಡು ನೆನಪಾದವು. ಅವೆಲ್ಲ ಒಂದೇ ಕಡೆ ಇದ್ದವರು ಪಾರಾದರು. ಟ್ರಂಕಿನಲ್ಲಿ ಕೆಲವು, ಜಗಲಿಯ ಮೇಲೆ ಕೆಲವು, ಹಳೆಯ ಕ್ಯಾಲೆಂಡರಿನ ಹಿಂದೆ ಕೆಲವು ಇಟ್ಟವರು ಆಮೇಲೆ ಕಚೇರಿಯಿಂದ ಕಚೇರಿಗೆ ತಿರುಗಿದರು. ನಮ್ಮ ಮನೆಯಲ್ಲಿ ಅಂದಿನಿಂದ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಗೂಟಕ್ಕೆ ತೂಗುತ್ತದೆ. ನಮ್ಮಾಕಿ ವರ್ಷಕ್ಕೊಮ್ಮೆ ಅದನ್ನು ಇಳಿಸಿ, ಒಣಗಿಸಿ, ಮತ್ತೆ ಕಟ್ಟುತ್ತಾಳೆ. ಪ್ರವಾಸವಿಲ್ಲದೆಯೂ ಸದಾ ಹೊರಡಲು ಸಿದ್ಧವಾಗಿರುವ ಒಂದೇ ಚೀಲ ಅದು.

ಇಷ್ಟೆಲ್ಲ ಹೇಳಿದ್ದರಿಂದ ಸೊಸೆಯ ಕ್ಯೂಬುಗಳ ಮೇಲೆ ನನಗೆ ಸಿಟ್ಟಿದೆ ಎಂದುಕೊಳ್ಳಬೇಡಿ. ಅವುಗಳ ಶಿಸ್ತು ನನಗೆ ಮೆಚ್ಚು. ಆದರೆ ಅವುಗಳನ್ನು ಕಲ್ಪಿಸಿದವರ ತಲೆಯಲ್ಲಿ ಒಬ್ಬ ಪ್ರಯಾಣಿಕನಿದ್ದಾನೆ. ಅವನು ತನ್ನ ಸಾಮಾನನ್ನು ತಾನೇ ತುಂಬಿ, ತಾನೇ ಬಳಸಿ, ಹೋದಾಗ ಎಷ್ಟಿತ್ತೋ ಅಷ್ಟನ್ನೇ ತಿರುಗಿ ತರುತ್ತಾನೆ. ನಮ್ಮ ಸೀಮೆಯಲ್ಲಿ ನಾನು ಅಂಥವನನ್ನು ನೋಡಿಲ್ಲ. ಇಲ್ಲಿ ಹೋಗುವಾಗ ತುಂಬಿ ಹೋದ ಚೀಲ ಬರುವಾಗ ಅದಕ್ಕಿಂತ ತುಂಬಿ ಬರುತ್ತದೆ, ಏಕೆಂದರೆ ಬೀಗರ ಮನೆಯವರು ಖಾಲಿ ಡಬ್ಬಿ ತಿರುಗಿ ಕೊಡುವುದಿಲ್ಲ. ಹಿಂಡಿ ಒಯ್ದ ಡಬ್ಬಿಯಲ್ಲಿ ಏನಿಲ್ಲವೆಂದರೂ ಒಂದು ಹಿಡಿ ಸಕ್ಕರೆ ಬರಬೇಕು. ಕುಬಸಕ್ಕೆ ಬುತ್ತಿ ಒಯ್ದವರು ಉಡಿ ತುಂಬಿಸಿಕೊಂಡು ಬರುತ್ತಾರೆ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಖಣ. ಅದಕ್ಕೆ ಯಾವ ಕ್ಯೂಬು? ಮುಂಚೆಯೇ ಜಾಗ ಬಿಟ್ಟುಕೊಂಡು ಹೋದರೆ ಕೊಡುವವರ ಮುಂದೆ ಕೈ ಚಾಚಿದ ಹಾಗೆ, ಬಿಡದೆ ಹೋದರೆ ಕೊಟ್ಟದ್ದನ್ನು ಮಡಿಲಲ್ಲಿಟ್ಟುಕೊಂಡು ಬರಬೇಕು.

ವಿಮಾನದ ಪ್ರವಾಸದಲ್ಲಿ ಈ ತಕರಾರು ಬಲಿಯಿತು. ಮಗ, ಸೊಸೆ ಹುಬ್ಬಳ್ಳಿಯಿಂದ ವಿಮಾನ ಹತ್ತುವವರಿದ್ದರು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ತಲೆಗೆ 15 ಕೆ.ಜಿ. ಒಳಗೆ ಹಾಕಬಹುದು, 7 ಕೆ.ಜಿ. ಕೈಯಲ್ಲಿ ಒಯ್ಯಬಹುದು. ಸೊಸೆ ಹಿಚುಕುವ ಕ್ಯೂಬಿನಲ್ಲಿ ಅರಿವೆಗಳನ್ನು ಅರ್ಧ ಗಾತ್ರಕ್ಕೆ ಇಳಿಸಿ, "ನೋಡ್ರಿ ಮಾವಾ, ಎಷ್ಟ ಜಾಗ ಉಳೀತು" ಎಂದಳು. ಅವ್ವ ಆ ಜಾಗವನ್ನು ನೋಡಿದ್ದೇ ತಡ, ಒಳಗಿನಿಂದ ಹೆಸರಕಾಳಿನ ಚೀಲ ಬಂತು, ಕಡ್ಲಿ ಬೇಳೆ ಬಂತು, ಒಣ ಮೆಣಸಿನಕಾಯಿ ಬಂತು. ಹಿಚುಕಿದರೆ ಗಾತ್ರ ಇಳಿಯುತ್ತದೆ, ತೂಕ ಇಳಿಯುವುದಿಲ್ಲ. ಉಳಿದ ಜಾಗದಲ್ಲಿ ಗಾಳಿ ಇರಬೇಕೆಂಬುದು ವಿಮಾನದವರ ಶಾಸ್ತ್ರ. ಕಾಳು ಇರಬೇಕೆಂಬುದು ಅವ್ವನ ಶಾಸ್ತ್ರ. ಕಾಳು ತೂಗುವ ಕಾಟಾ ತಂದು ಪೆಟ್ಟಿಗೆಯನ್ನು ಅದರ ಕೊಂಡಿಗೆ ನೇತುಹಾಕಿ ತೂಗಿದೆವು. ಅವ್ವ ಮುಳ್ಳು ನೋಡಲಿಲ್ಲ, ಕೊಂಡಿಯ ಗಟ್ಟಿತನ ನೋಡಿದಳು.

"ಇನ್ನೂ ಎರಡ ಕಿಲೋ ತಾಳತೈತಿ."

"ಆಯಿ, ಕಾಟಾ ತಾಳಿದ್ರ ಆಗೂದಿಲ್ಲ, ಅವರು ತಾಳಬೇಕಲ್ಲಾ."

"ನಿನ್ನ ಅರಿವಿ ತಗಿಯವಾ. ಅರಿವಿ ಪುಣೇದಾಗ ಸಿಗಂಗಿಲ್ಲೇನು?"

ಅರಿವೆ ಹೊರಬಂತು. ಕ್ಯೂಬುಗಳಿಗೆ ಹೊಸ ವಿಂಗಡಣೆಯಾಯಿತು, ಅದೂ ಅವ್ವನ ಬಾಯಿಂದಲೇ: ದೊಡ್ಡದು ಪುಣೆಯ ಮನೆಗೆ, ನಡುವಿನದು ಪಿಂಪ್ರಿಯಲ್ಲಿರುವ ನನ್ನ ತಂಗಿಗೆ, ಸಣ್ಣದು ಸೊಸೆಯ ಆಫೀಸಿನ ಗೆಳತಿಗೆ, ಹೋದ ಸಲ ಕರ್ಚಿಕಾಯಿ ಚಲೋ ಅದಾವ ಅಂದಿದ್ದಳಂತೆ. ಅಂಗಿಗೊಂದು, ವೈರಿಗೊಂದು ಎಂದಿದ್ದ ಸೆಟ್ಟು ಮನುಷ್ಯರಿಗೊಂದು ಎಂದಾಯಿತು. ಸೊಸೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು. ಆಮೇಲೆ ತನ್ನ ಎರಡು ಚೂಡಿದಾರಗಳನ್ನು ಸುರಳಿ ಸುತ್ತಿ ಕಾಳಿನ ಚೀಲಗಳ ಸಂದಿಯಲ್ಲಿ ತುರುಕಿದಳು. ಸುರಳಿ ಸುತ್ತುವುದು ಚಲೋ ಉಪಾಯ, ನಿರಿಗೆ ಬೀಳುವುದಿಲ್ಲ. ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳೂ ಹಾಗೆಯೇ ಸುತ್ತಿ ಇಡುತ್ತಾರೆ. ಮಡಿಚಿದರೆ ಅದರಲ್ಲಿ ನೇಯ್ದ ನವಿಲಿನ ಕೊರಳ ಮೇಲೆ ಗೆರೆ ಬೀಳುತ್ತದೆ.

ಹೋದ ಕ್ಯೂಬುಗಳಲ್ಲಿ ತಿರುಗಿ ಬಂದದ್ದು ಒಂದೇ. ಅದರಲ್ಲಿ ತಂಗಿ ಭಾಕರವಡಿ ತುಂಬಿ ಕಳಿಸಿದ್ದಳು. ಮುಂದಿನ ಸಲಕ್ಕೆ ಹೇಗೆ ಎಂದು ಮಾತು ಬಂದಾಗ ಅವ್ವ ಇದ್ದ ಆ ಒಂದನ್ನು ತೆಗೆದುಕೊಂಡು ಓಣಿಯ ಟೇಲರ್ ಮಾಮಾನ ಹತ್ತಿರ ನಡೆದಳು, ಹಿಂದೆ ನಾನು. ಮಾಮಾ ಅದನ್ನು ಒಳಗೆ ಹೊರಗೆ ಮಾಡಿ ನೋಡಿದ. ಹೊಲಿಗೆ ಚಲೋ ಇದೆ, ಅರಿವೆ ತೆಳ್ಳಗಿದೆ ಎಂದ. ಇಂಥದ್ದನ್ನು ಗಟ್ಟಿ ಅರಿವೆಯಲ್ಲಿ ಹೊಲಿದುಕೊಡುತ್ತೇನೆ, ಆದರೆ ಚೌಕ ಯಾಕೆ ಎಂದು ಕೇಳಿದ.

"ಒಳಗ ಏನ ಹಾಕ್ತೀರಿ ಹೇಳ್ರಿ ಅಮ್ಮಾ. ಅದರ ಅಳತಿಗೆ ಹೊಲೀತೇನಿ."

"ರೊಟ್ಟಿ."

"ರೊಟ್ಟಿ ಗುಂಡಗಿರತಾವು. ಗುಂಡಂದ ಮಾಡೂಣು. ಅಡಿಗೆ ರಟ್ಟ ಹಾಕತೇನಿ, ಸುತ್ತ ಚೈನು."

ನಾಲ್ಕನೆಯ ದಿನ ಬಂತು. ಗುಂಡಗೆ, ಎತ್ತರಕ್ಕೆ, ಅಡಿಗೆ ರಟ್ಟು, ಒಳಗೆ ಮೆತ್ತನೆಯ ಅಸ್ತರು. ಅವ್ವ ಕಟಕ ರೊಟ್ಟಿಗಳನ್ನು ಒಂದರೊಳಗೊಂದು ಕೂಡಿಸಿ ಇಳಿಸಿದಳು. ಬೆರಳು ಆಡಿಸಲೂ ಜಾಗ ಉಳಿಯಲಿಲ್ಲ. ಸೊಸೆ ಫೋಟೋ ತೆಗೆದು ಗೆಳತಿಯರಿಗೆ ಕಳಿಸಿದಳು, ಇಬ್ಬರು ತಮಗೂ ಬೇಕೆಂದರು, ಮಾಮಾ ದರ ಹೇಳಿದ. ಚೈನು ಎಳೆದಾದ ಮೇಲೆ ಅವ್ವ ಚೌಕದ ಹಳೆಯ ಅರಿವೆ ಹಾಸಿ, ಅದರ ನಡುವೆ ಆ ಚೀಲ ಇಟ್ಟು, ಎದುರುಬದುರು ಚುಂಗು ಎಳೆದು ಗಂಟು ಹಾಕಿದಳು.

"ಆಯಿ, ಚೈನ ಐತೆಲ್ಲಾ?"

"ಐತೆಲ್ಲವಾ, ಇರಲಿ. ಹೊತ್ತಾಕ್ಕೇತಿ, ಬಸ್ಸಿಗೆ ನಡೀರಿ."